ಮೊದಲ ಆಸ್ಕರ್, ವಾಪಸ್ ಹೋದ ಆಸ್ಕರ್: ಭಾನು ಅಥೈಯಾ

ಡೊಂಬಿವಲಿ ಎಂಐಡಿಸಿಯಿಂದ ಮಾತಾಡ್ತಿದ್ದೀನಿ. ಸುತ್ತಲೂ ಬಟ್ಟೆಗೆ ಬಣ್ಣ ಹಾಕೋ ಯೂನಿಟ್‌ಗಳು, ಹಾಗಾಗಿ ಇವತ್ತಿನ ವಿಷಯವೂ ಬಟ್ಟೆಯದ್ದೇ.

ಭಾರತಕ್ಕೆ ಮೊದಲ ಆಸ್ಕರ್ ತಂದವರು ಯಾರು ಅಂದ್ರೆ ಆಫೀಸ್ ಕ್ಯಾಂಟೀನ್‌ನಲ್ಲಿ ರೆಹಮಾನ್ ಅಂತಾರೆ, ಇಲ್ಲವೇ ಸತ್ಯಜಿತ್ ರೇ. ಅಲ್ಲ, ಭಾನು ಅಥೈಯಾ. ಹಬ್ಬಕ್ಕೆ ಊರಿಗೆ ಹೋಗುವಾಗ ನಿಪ್ಪಾಣಿಗಿಂತ ಮೊದಲು ಸಿಗುತ್ತಲ್ಲ ಕೊಲ್ಹಾಪುರ, ಅಲ್ಲಿ 1929ರಲ್ಲಿ ಹುಟ್ಟಿದವರು. ಅಪ್ಪ ಚಿತ್ರಕಾರ. ಮುಂಬೈನ ಜೆ. ಜೆ. ಕಲಾಶಾಲೆಯಲ್ಲಿ ಓದಿದ ಭಾನು, 1953ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್‌ನ ಪ್ರದರ್ಶನದಲ್ಲಿ ತಮ್ಮ ಚಿತ್ರಗಳನ್ನಿಟ್ಟಿದ್ದರು. ಆಮೇಲೆ ಹೊಟ್ಟೆಪಾಡಿಗೆ ಮಹಿಳಾ ಪತ್ರಿಕೆಗೆ ಫ್ಯಾಷನ್ ಸ್ಕೆಚ್, ಅಲ್ಲಿಂದ ಸಿನಿಮಾ. 1956ರ 'ಸಿ.ಐ.ಡಿ.' ನಿರ್ಮಿಸಿದವರು ಬೆಂಗಳೂರಲ್ಲಿ ಹುಟ್ಟಿದ ನಮ್ಮ ಗುರುದತ್ ಪಡುಕೋಣೆ. ಭಾನು ಅವರ ಸಿನಿಮಾ ಜೀವನ ಗಟ್ಟಿಯಾಗಿ ಶುರುವಾಗಿದ್ದು ಆ ಚಿತ್ರದಿಂದ.

'ವಕ್ತ್'ನ (1965) ಸಾಧನಾ ಅವರ ಮೈಗಂಟಿದ ಕುರ್ತಾ-ಚೂಡಿದಾರ್ ದೇಶದ ತುಂಬ ಫ್ಯಾಷನ್ ಆಯ್ತು. 'ಆಮ್ರಪಾಲಿ'ಗೆ ಅಜಂತಾದ ಚಿತ್ರಗಳನ್ನೇ ಅಭ್ಯಾಸ ಮಾಡಿದರು. ಆದರೆ ನನ್ನಂಥ ಇಂಜಿನಿಯರ್‌ಗೆ ಖುಷಿ ಕೊಡೋದು 'ಬ್ರಹ್ಮಚಾರಿ'ಯ (1968) ಮುಮ್ತಾಜ್ ಸೀರೆ. ಕುಣಿಯುವಾಗ ಸೀರೆ ಜಾರಬಾರದು, ನೆರಿಗೆ ಕೆಡಬಾರದು. ಮೊದಲೇ ಹೊಲಿದು ಜಿಪ್ ಇಟ್ಟುಬಿಟ್ಟರು! ನೋಡೋರಿಗೆ ಸೀರೆ, ಉಟ್ಟವರಿಗೆ ಫ್ರಾಕ್‌ನಷ್ಟು ಸಲೀಸು.

ಇನ್ನು 'ಗಾಂಧಿ' (1982). ಇಲ್ಲಿ ಕಷ್ಟ ಉಲ್ಟಾ: ಬಟ್ಟೆ ಎದ್ದು ಕಾಣಲೇಬಾರದು. ಬ್ಯಾರಿಸ್ಟರ್ ಸೂಟಿನಿಂದ ಪಂಚೆವರೆಗೆ ಒಬ್ಬ ಮನುಷ್ಯ ಬದಲಾಗ್ತಾನೆ, ಸುತ್ತ ಸಾವಿರಾರು ಜನ. ಎಲ್ಲರಿಗೂ ಒಂದೇ ಬಿಳಿ ಬಟ್ಟೆ ಕೊಟ್ಟಿದ್ರೆ ಶಾಲೆಯ ಯೂನಿಫಾರ್ಮ್ ಆಗ್ತಿತ್ತು. ರೈತನ ಬಿಳಿ ಬೇರೆ, ವಕೀಲನ ಬಿಳಿ ಬೇರೆ. 1983ರಲ್ಲಿ ಜಾನ್ ಮೊಲ್ಲೊ ಜೊತೆ ಆಸ್ಕರ್ ಹಂಚಿಕೊಂಡರು.

2012ರಲ್ಲಿ, ಎಂಬತ್ತು ದಾಟಿದ ಮೇಲೆ, ಆ ಪ್ರತಿಮೆಯನ್ನು ಅಕಾಡೆಮಿಗೇ ವಾಪಸ್ ಕೊಟ್ಟರು. ಶಾಂತಿನಿಕೇತನದಿಂದ ಟಾಗೋರರ ನೊಬೆಲ್ ಪದಕವೇ ಕಳುವಾದ ಮೇಲೆ ತನ್ನದು ಇಲ್ಲಿ ಭದ್ರವಾಗಿ ಇರೋದು ಹೇಗೆ ಅನ್ನೋದು ಅವರ ಚಿಂತೆ. ಇದನ್ನು ದೇಶಾಭಿಮಾನದ ಕೊರತೆ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಶೂಟಿಂಗ್ ಮುಗಿದರೆ ವೇಷ ಬಿಚ್ಚಿ ಇನ್ನೊಂದಕ್ಕೆ ಹೊಲಿಯೋದು, ಬಾಡಿಗೆಗೆ ಬಿಡೋದು ಮಾಮೂಲಿಯಾಗಿದ್ದ ಉದ್ಯಮದಲ್ಲಿ ಅರ್ಧ ಶತಮಾನ ದುಡಿದವರು ಅವರು. ನಾವು ಕೋಡ್‌ನ ಒಂದೊಂದು ಹಳೇ ಸಾಲನ್ನೂ ರೆಪೊದಲ್ಲಿ ಜೋಪಾನ ಮಾಡ್ತೀವಿ. ಅವರ ಬಟ್ಟೆಗಳಿಗೆ ಅಂಥ ಕಪಾಟು ಯಾರು ಮಾಡಿಟ್ಟರು?

2020ರ ಅಕ್ಟೋಬರ್ 15ರಂದು ಮುಂಬೈನಲ್ಲಿ ತೀರಿಕೊಂಡರು. ವಾರಾಂತ್ಯದಲ್ಲಿ 'ಗಾಂಧಿ' ಹಾಕಿ, ಹತ್ತು ನಿಮಿಷ ಸೌಂಡ್ ಮ್ಯೂಟ್ ಮಾಡಿ, ಹಿಂದಿನ ಸಾಲಿನಲ್ಲಿ ನಿಂತವರ ಬಟ್ಟೆ ಮಾತ್ರ ನೋಡಿ.