ಒಳಚರಂಡಿ ಕೆಸರು, ಕಾಂಪೋಸ್ಟ್ ಮತ್ತು ಲಭ್ಯ ರಂಜಕ: ಬಾಗಲಕೋಟೆ ಜಿಲ್ಲೆಯ ಅರಣ್ಯ ಮಣ್ಣುಗಳನ್ನು ಕುರಿತು

ಹುನಗುಂದದ ಎರೆಮಣ್ಣಿನ ಹೆಂಟೆಯೊಂದನ್ನು ಒಡೆದು, ಒಳಗಿನ ಸುಣ್ಣದ ಹರಳಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಏಳುತ್ತದೆ. ಅಲ್ಲಿ ರಂಜಕದ ಗತಿ ಏನೆಂಬುದು ಆ ನೊರೆಯಿಂದಲೇ ತಿಳಿಯುತ್ತದೆ. ರಸಸಾರ 8 ದಾಟಿದ ಇಂಥ ಮಣ್ಣಿಗೆ ಬಿದ್ದ ಕರಗುವ ರಂಜಕ ಕ್ಯಾಲ್ಸಿಯಂ ಜೊತೆ ಸೇರಿ, ಬೇರಿಗೆ ಸುಲಭವಾಗಿ ದಕ್ಕದ ರೂಪಕ್ಕೆ ತಿರುಗುತ್ತದೆ. ಇಳಕಲ್ಲಿನ ಗುಲಾಬಿ ಗ್ರಾನೈಟ್ ಸವೆದು ಆದ ಮಸಾರಿಯಲ್ಲಿ ಅದನ್ನು ಮುಖ್ಯವಾಗಿ ಹಿಡಿಯುವುದು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ತೆಳು ಮಣ್ಣಿಗೆ ಹಿಡಿದಿಡುವ ಶಕ್ತಿಯೇ ಕಡಿಮೆ. ಹೀಗಿರುವಾಗ ಈ ಜಿಲ್ಲೆಯ ಕುರುಚಲು ಕಾಡಿಗೆ, ನೆಡುತೋಪಿಗೆ ಗೊಬ್ಬರವಾಗಿ ಹಾಕುವ ಒಳಚರಂಡಿ ಕೆಸರಿನ ಪ್ರಮಾಣವನ್ನು ಸಾರಜನಕದ ಲೆಕ್ಕದಲ್ಲಷ್ಟೇ ನಿಗದಿ ಮಾಡುವುದು ತಪ್ಪೆಂಬುದು ನನ್ನ ವಾದ.

ಮರಕ್ಕೆ ಬೇಕಾದ ಸಾರಜನಕವನ್ನು ಕೆಸರಿನಿಂದಲೇ ಪೂರೈಸಹೊರಟರೆ ಅದರೊಡನೆ ಅಗತ್ಯಕ್ಕಿಂತ ಹೆಚ್ಚು ರಂಜಕ ಬಂದು ಬೀಳುತ್ತದೆ. ಹೊಲದಲ್ಲಾದರೆ ಪ್ರತಿ ಸುಗ್ಗಿಗೆ ಕಾಳು, ಕಣಿಕೆಯೊಡನೆ ಒಂದಷ್ಟು ಹೊರಹೋಗುತ್ತದೆ. ಕಾಡಿನಲ್ಲಿ ಉದುರಿದ ಎಲೆ ಅಲ್ಲೇ ಕೊಳೆಯುವುದರಿಂದ ಹಾಕಿದ ರಂಜಕ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಇರುತ್ತದೆ.

ಕೆಸರು ಎಲ್ಲಿ, ಹೇಗೆ ಹುಟ್ಟಿತೆಂಬುದನ್ನೂ ನೋಡಬೇಕು. ಶುದ್ಧೀಕರಣದಲ್ಲಿ ಫೆರಿಕ್ ಕ್ಲೋರೈಡ್ ಅಥವಾ ಆಲಂ ಬಳಸಿದ್ದರೆ ರಂಜಕ ಲೋಹಕ್ಕೆ ಅಂಟಿಕೊಂಡೇ ಬರುತ್ತದೆ. ಒಟ್ಟು ಪ್ರಮಾಣ ಹೆಚ್ಚಿದ್ದರೂ ಲಭ್ಯ ಭಾಗ ಕಡಿಮೆ. ಸುಣ್ಣ ಬೆರೆಸಿ ಸ್ಥಿರಗೊಳಿಸಿದ ಕೆಸರು ಎರೆಮಣ್ಣಿಗೆ ಸಲ್ಲದು. ಹದವಾಗಿ ಕಳಿತ ಕಾಂಪೋಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ. ಅದರ ಸಾವಯವ ಆಮ್ಲಗಳು ರಂಜಕ ಅಂಟುವ ಜಾಗಗಳನ್ನು ಮೊದಲೇ ತುಂಬುತ್ತವೆ, ಫಾಸ್ಫಟೇಸ್ ಕಿಣ್ವ ಸಾವಯವ ರಂಜಕವನ್ನು ಬಿಡಿಸುತ್ತದೆ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಾಂಪೋಸ್ಟ್ ಹಿಡಿದಿಡುವ ತೇವಕ್ಕೂ ಅಷ್ಟೇ ಬೆಲೆಯಿದೆ. ರಂಜಕ ಬೇರಿನತ್ತ ಸರಿಯುವುದು ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ. ಒಣಮಣ್ಣಿನಲ್ಲಿ ಎಷ್ಟಿದ್ದರೂ ಬೇರಿಗೆ ತಲುಪದು.

ಲಭ್ಯ ರಂಜಕವನ್ನು ಅಳೆಯುವ ವಿಧಾನ ತಪ್ಪಿದರೆ ಈ ವಿವೇಚನೆಯೆಲ್ಲ ವ್ಯರ್ಥ. 1945ರ ಬ್ರೇ ದ್ರಾವಣ ಆಮ್ಲಮಣ್ಣಿಗಾಗಿ ರೂಪಿಸಿದ್ದು. ಹುನಗುಂದದ ಸುಣ್ಣ ಅದರ ಆಮ್ಲವನ್ನೇ ನುಂಗಿಬಿಡುತ್ತದೆ. ಇಲ್ಲಿಗೆ ಒಗ್ಗುವುದು ರಸಸಾರ 8.5ರ ಸೋಡಿಯಂ ಬೈಕಾರ್ಬೋನೇಟ್ ಬಳಸುವ 1954ರ ಓಲ್ಸನ್ ವಿಧಾನ.

ನಗರದ ಕೊಳೆಯನ್ನು ಗೊಬ್ಬರವಾಗಿಸುವುದು ಹೊಸದೇನಲ್ಲ. ಹುಬ್ಬಳ್ಳಿ-ಧಾರವಾಡದ ಸುತ್ತಿನ ರೈತರು ದಶಕಗಳ ಕಾಲ ಕೊಳಚೆ ನೀರನ್ನು ಹೊಲಕ್ಕೂ ತೋಟದ ಮರಗಳಿಗೂ ಹಾಯಿಸಿದ್ದಾರೆ, ನಗರದ ಗುಂಡಿಗೊಬ್ಬರವನ್ನು ಹರಾಜಿನಲ್ಲಿ ಕೊಂಡಿದ್ದಾರೆ. ಪ್ಲಾಸ್ಟಿಕ್, ಗಾಜು ಬೆರೆಯತೊಡಗಿದ ಮೇಲೆ ಗೊಬ್ಬರದ ಬೇಡಿಕೆ ಕುಸಿಯಿತು. ಕಣ್ಣಿಗೆ ಕಾಣದ ಲೋಹಗಳ ಬಗ್ಗೆಯೂ ಎಚ್ಚರ ಬೇಕು. ನಗರ ಕಾಂಪೋಸ್ಟ್‌ನಲ್ಲಿ ಕಿಲೋಗೆ ಕ್ಯಾಡ್ಮಿಯಂ 5 ಮಿ.ಗ್ರಾಂ., ಸೀಸ 100 ಮಿ.ಗ್ರಾಂ. ಮೀರಬಾರದೆಂಬ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿ ಕಾಡಿಗೂ ಅನ್ವಯಿಸಬೇಕು. ಕಾಡಿನ ಎಲೆಯನ್ನೇ ಕುರಿ, ಮೇಕೆ ಮೇಯುತ್ತವೆ.

ಬಾದಾಮಿಯ ಇಳಿಜಾರುಗಳಲ್ಲಿ ಕೆಸರನ್ನು ಖಂಡಿತ ಹರಡಬಾರದು. ಗುಡ್ಡದ ಮಳೆನೀರು ಅಗಸ್ತ್ಯ ತೀರ್ಥವೆಂಬ ಕೆರೆಗೆ ಇಳಿಯುತ್ತದೆ. ಅಲ್ಲಿಗೆ ಸೇರಿದ ರಂಜಕ ಪಾಚಿಗೆ ಆಹಾರ. ಕಾಂಪೋಸ್ಟಿಗೆ ಯೋಗ್ಯವಾದ ನೆಲ ಇಳಕಲ್ ಸುತ್ತಿನ ಕಲ್ಲುಗಣಿಗಳ ಪಾಳು. ಮೇಲ್ಮಣ್ಣೇ ಇಲ್ಲದ ಆ ಜಾಗದಲ್ಲಿ ಬೇವು, ಜಾಲಿ ನೆಡುವ ಗುಂಡಿಗೆ ಕಳಿತ ಕಾಂಪೋಸ್ಟನ್ನು ಒಮ್ಮೆ ಬೆರೆಸಿ, ಎರಡನೇ ಕಂತಿಗೆ ಮೊದಲು ಗುಂಡಿಯ ಮಣ್ಣಿನ ಲಭ್ಯ ರಂಜಕವನ್ನು ಅಳೆಯಬೇಕು.