ರೇಡಿಯೊ ನಿಯಂತ್ರಿತ ತರಬೇತಿ ವಿಮಾನ

ನೆಲದ ಮೇಲೆ ನಿಂತು ರೇಡಿಯೊ ಮೂಲಕ ಮಾದರಿ ವಿಮಾನ ಹಾರಿಸಲು ಕಲಿಯುವವರಿಗೆಂದೇ ರೂಪಿಸಿದ ವಿಮಾನ. ಹವ್ಯಾಸಿಗಳ ಬಾಯಲ್ಲಿ ಇದು ‘ಟ್ರೈನರ್’. ರೆಕ್ಕೆ ಒಡಲಿನ ಮೇಲ್ಗಡೆ ಕೂತಿರುವುದು, ಅದರ ಎರಡೂ ತುದಿಗಳು ತುಸು ಮೇಲಕ್ಕೆ ಎದ್ದಿರುವುದು, ರೆಕ್ಕೆಯ ತಳ ಹೆಚ್ಚುಕಡಿಮೆ ಚಪ್ಪಟೆಯಾಗಿರುವುದು, ಗಾತ್ರಕ್ಕೆ ಹೋಲಿಸಿದರೆ ತೂಕ ಕಡಿಮೆ ಇರುವುದು ಇದರ ಗುರುತುಗಳು. ಕಲಿಯುವವರು ತಪ್ಪು ಮಾಡಿಯೇ ಮಾಡುತ್ತಾರೆ. ಆ ತಪ್ಪನ್ನು ಗಾಳಿಯಲ್ಲೇ ತಿದ್ದುವವರು ಯಾರು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳೇ ಈ ವಿಮಾನದ ಚರಿತ್ರೆ. ಮೊದಲು ವಿಮಾನದ ಆಕಾರವೇ ತಿದ್ದಿತು, ಆಮೇಲೆ ಪಕ್ಕದಲ್ಲಿ ನಿಂತ ಗುರು ತಿದ್ದಿದರು, ಈಗ ಒಳಗಿರುವ, ಓಲಾಟವನ್ನು ಗ್ರಹಿಸುವ ‘ಗೈರೊ’ ಎಂಬ ಸಾಧನ ತಿದ್ದುತ್ತಿದೆ.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅವಳಿ ಸಹೋದರರು ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್. ವಾಲ್ಟರ್ ಮಾದರಿ ವಿಮಾನ ಕಟ್ಟುವುದರಲ್ಲಿ ನಿಪುಣ, ವಿಲಿಯಂ ಹ್ಯಾಮ್ (ಹವ್ಯಾಸಿ) ರೇಡಿಯೊ ಬಲ್ಲವನು. ಇಬ್ಬರೂ ಸೇರಿ 1937ರಲ್ಲಿ ಹಾರಿಸಿದ ‘ಗಫ್’ ಈ ಹವ್ಯಾಸಕ್ಕೆ ದಾರಿ ತೆರೆದ ವಿಮಾನಗಳಲ್ಲಿ ಒಂದು. ಅದು ಇಂದಿಗೂ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಗಫ್ ಕಾಲದ ವಿಮಾನಗಳೆಲ್ಲ ‘ಫ್ರೀ ಫ್ಲೈಟ್’ ಮಾದರಿಗಳ ಮಕ್ಕಳು. ಫ್ರೀ ಫ್ಲೈಟ್ ಎಂದರೆ ಕೈಯಿಂದ ಬಿಟ್ಟ ಮೇಲೆ ಯಾರ ಹತೋಟಿಯೂ ಇಲ್ಲದೆ ಹಾರಿ ಇಳಿಯುವ ವಿಮಾನ. ಓಲಾಡಿದರೆ ತಾನೇ ನೇರವಾಗುವ ಗುಣ ಅದಕ್ಕೆ ಇರಲೇಬೇಕಿತ್ತು. ಆ ಗುಣವೇ ಟ್ರೈನರ್‌ಗೆ ಬಂದ ಪಿತ್ರಾರ್ಜಿತ ಆಸ್ತಿ.

ಅಂದಿನ ರೇಡಿಯೊ ಕೊಡುತ್ತಿದ್ದ ಹತೋಟಿ ಎಷ್ಟು ಕಡಿಮೆ ಎಂಬುದನ್ನು ಈಗ ಊಹಿಸುವುದೂ ಕಷ್ಟ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ಒಂದೇ ಗುಂಡಿಯ ಟ್ರಾನ್ಸ್‌ಮಿಟರ್. ವಿಮಾನದೊಳಗೆ ತಿರುಚಿ ಬಿಗಿದ ರಬ್ಬರ್ ಪಟ್ಟಿಯ ಬಲದಿಂದ ತಿರುಗುವ ‘ಎಸ್ಕೇಪ್‌ಮೆಂಟ್’ ಎಂಬ ಸಾಧನ. ಗುಂಡಿ ಒತ್ತಿದರೆ ಬಾಲದ ಚುಕ್ಕಾಣಿ ಪೂರ್ತಿ ಬಲಕ್ಕೆ, ಬಿಟ್ಟರೆ ಮಧ್ಯಕ್ಕೆ. ಮತ್ತೆ ಒತ್ತಿದರೆ ಪೂರ್ತಿ ಎಡಕ್ಕೆ. ಅರ್ಧ ತಿರುವು ಎಂಬುದೇ ಇಲ್ಲ. ಹಿಂದಿನ ಸಲ ಯಾವ ಕಡೆ ತಿರುಗಿತ್ತೆಂದು ಮರೆತರೆ ವಿಮಾನ ಬೇಡದ ಕಡೆಗೆ ಹೊರಳುತ್ತಿತ್ತು. ಮೇಲೇರುವುದು, ಕೆಳಗಿಳಿಯುವುದು ಎಲ್ಲ ವಿಮಾನದ ಪಾಲಿಗೇ ಬಿಟ್ಟದ್ದು. ಹಾಗಾಗಿ ಆ ಕಾಲದಲ್ಲಿ ಹಾರಿಸುವವರು ಹೇಳುತ್ತಿದ್ದದ್ದು ದಿಕ್ಕು ಮಾತ್ರ, ಉಳಿದದ್ದನ್ನು ನೋಡಿಕೊಳ್ಳುತ್ತಿದ್ದದ್ದು ರೆಕ್ಕೆ. ರೆಕ್ಕೆಯ ತುದಿಗಳನ್ನು ಎತ್ತರಿಸಿ ಕಟ್ಟುವುದರ ಹಿಂದಿನ ಕಾರಣ ಇದು: ವಿಮಾನ ಒಂದು ಕಡೆಗೆ ವಾಲಿ ಜಾರತೊಡಗಿದಾಗ ಆ ಬದಿಯ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗುತ್ತದೆ, ಎತ್ತುವ ಬಲ ಹೆಚ್ಚುತ್ತದೆ, ವಾಲಿದ ರೆಕ್ಕೆ ಮೇಲೇಳುತ್ತದೆ.

ನಂತರ ‘ರೀಡ್’ ಯಂತ್ರಗಳು ಬಂದವು; ಬೇರೆ ಬೇರೆ ಸ್ವರಗಳಿಗೆ ಮಿಡಿಯುವ ಲೋಹದ ಪಟ್ಟಿಗಳಿಂದ ಹಲವು ಅಂಗಗಳನ್ನು ಆಡಿಸುವುದು ಸಾಧ್ಯವಾಯಿತು. ನಿಜವಾದ ತಿರುವು 1960ರ ದಶಕದ ‘ಪ್ರಪೋರ್ಷನಲ್’ ನಿಯಂತ್ರಣ. ಟ್ರಾನ್ಸ್‌ಮಿಟರಿನ ಕೋಲನ್ನು ಎಷ್ಟು ಸರಿಸಿದರೆ ಚುಕ್ಕಾಣಿಯೂ ಅಷ್ಟೇ ಸರಿಯುತ್ತಿತ್ತು. ಇದರೊಡನೆ ಮಾದರಿ ವಿಮಾನ ನಿಜವಾದ ವಿಮಾನದ ಹಾಗೆ ವರ್ತಿಸಿತು, ಹಾರಿಸುವವರ ಮೇಲಿನ ಹೊಣೆಯೂ ಹೆಚ್ಚಿತು. ಗುರು-ಶಿಷ್ಯರ ಎರಡು ಟ್ರಾನ್ಸ್‌ಮಿಟರ್‌ಗಳನ್ನು ತಂತಿಯಿಂದ ಜೋಡಿಸುವ ‘ಬಡ್ಡಿ ಬಾಕ್ಸ್’ ಹುಟ್ಟಿದ್ದು ಈ ಅಗತ್ಯದಿಂದ. ಗುರು ಒಂದು ಸ್ವಿಚ್ ಹಿಡಿದಿರುವವರೆಗೆ ಹತೋಟಿ ಶಿಷ್ಯನದು. ಬಿಟ್ಟ ಕ್ಷಣ ಗುರುವಿನದು. ಸಾವಿರಾರು ವಿಮಾನಗಳು ಪುಡಿಯಾಗದೆ ಉಳಿದದ್ದು ಈ ಸರಳ ಏರ್ಪಾಟಿನಿಂದ. ಕಲಿಕೆಗೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೂ ಬಂದಿಲ್ಲ.

ಮುಂದಿನ ದಶಕಗಳನ್ನು ಆಳಿದ್ದು ಬಾಲ್ಸಾ ಮರದ ‘40 ಗಾತ್ರ’ದ ಟ್ರೈನರ್. 0.40 ಘನ ಇಂಚು, ಅಂದರೆ ಸುಮಾರು 6.5 ಸಿಸಿ ಎಂಜಿನ್. ರೆಕ್ಕೆಯಗಲ ಒಂದೂವರೆ ಮೀಟರಿನ ಆಸುಪಾಸು. ಅಮೆರಿಕದ ಐಯೊವಾ ರಾಜ್ಯದ ಸಿಗ್ ಕಂಪನಿಯ ‘ಕೆಡೆಟ್’ ಸಾಲು, ಗ್ರೇಟ್ ಪ್ಲೇನ್ಸ್‌ನ ‘ಪಿಟಿ-40’ ಇವುಗಳಲ್ಲಿ ಹೆಸರಾದವು. ರೆಕ್ಕೆಯನ್ನು ಒಡಲಿಗೆ ರಬ್ಬರ್ ಬ್ಯಾಂಡುಗಳಿಂದ ಕಟ್ಟುವ ಪದ್ಧತಿ ಜಾಣತನದ್ದು: ನೆಲಕ್ಕೆ ಬಡಿದಾಗ ರೆಕ್ಕೆ ಮುರಿಯುವ ಬದಲು ಕಳಚಿಕೊಳ್ಳುತ್ತಿತ್ತು. ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಆ ಎಣ್ಣೆ ಬಹಳ ಕಾಲ ನಮ್ಮ ಹರಳೆಣ್ಣೆಯೇ ಆಗಿತ್ತು. ಕಿಟ್ ತಂದು ತಿಂಗಳುಗಟ್ಟಲೆ ಅಂಟಿಸಿ ಕಟ್ಟಿದ ವಿಮಾನ ಒಂದೇ ಕ್ಷಣದಲ್ಲಿ ಚೂರಾದಾಗ ಹವ್ಯಾಸವನ್ನೇ ಬಿಟ್ಟವರು ಆ ಕಾಲದಲ್ಲಿ ಕಡಿಮೆಯೇನಿಲ್ಲ.

ಆ ನೋವನ್ನು ಕಡಿಮೆ ಮಾಡಿದ್ದು ವಿದ್ಯುತ್ ಮೋಟಾರು ಮತ್ತು ಫೋಮ್. 1957ರಲ್ಲೇ ಬ್ರಿಟನ್ನಿನ ಕರ್ನಲ್ ಎಚ್.ಜೆ. ಟ್ಯಾಪ್ಲಿನ್ ‘ರೇಡಿಯೊ ಕ್ವೀನ್’ ಎಂಬ ವಿಮಾನವನ್ನು ವಿದ್ಯುತ್ತಿನಿಂದ ಹಾರಿಸಿದ್ದರೂ, ಬ್ಯಾಟರಿಯ ಭಾರ ಈ ದಾರಿಯನ್ನು ಬಹುಕಾಲ ತಡೆದಿತ್ತು. ಹಗುರವಾದ ಲಿಥಿಯಂ ಪಾಲಿಮರ್ ಬ್ಯಾಟರಿ ಹಾಗೂ ಬ್ರಷ್‌ರಹಿತ ಮೋಟಾರು ಅಗ್ಗವಾದದ್ದು 2000ದ ನಂತರ. ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ‘ಈಜಿ ಸ್ಟಾರ್’ ಆಗ ಬಂದ ಗ್ಲೈಡರ್ ರೂಪದ ಟ್ರೈನರ್. ಪ್ರೊಪೆಲ್ಲರ್ ರೆಕ್ಕೆಯ ಹಿಂದೆ ಇರುವುದರಿಂದ ಮೂಗು ನೆಲಕ್ಕೆ ಕುಟ್ಟಿದರೂ ಅದು ಉಳಿಯುತ್ತದೆ. ಮುರಿದ ಫೋಮನ್ನು ಅಂಟು ಹಾಕಿ ಅಂದೇ ಸಂಜೆ ಮತ್ತೆ ಹಾರಿಸಬಹುದು.

ರೇಡಿಯೊದಲ್ಲೂ ಅದೇ ಹೊತ್ತಿಗೆ ಬದಲಾವಣೆಯಾಯಿತು. ಹಳೆಯ ಪದ್ಧತಿಯಲ್ಲಿ ಒಂದೇ ತರಂಗಾಂತರದಲ್ಲಿ ಇಬ್ಬರು ಟ್ರಾನ್ಸ್‌ಮಿಟರ್ ಹಚ್ಚಿದರೆ ಹಾರುತ್ತಿದ್ದ ವಿಮಾನ ಬೀಳುತ್ತಿತ್ತು. ಅದಕ್ಕಾಗಿ ಮೈದಾನದಲ್ಲಿ ಹಲಗೆಯೊಂದನ್ನಿಟ್ಟು, ಯಾರು ಯಾವ ಚಾನೆಲ್ ಹಿಡಿದಿದ್ದಾರೆಂದು ಗುರುತು ಸಿಕ್ಕಿಸುತ್ತಿದ್ದರು. 2005ರಲ್ಲಿ ಬಂದ ಸ್ಪೆಕ್ಟ್ರಮ್ ‘ಡಿಎಕ್ಸ್6’ 2.4 ಗಿಗಾಹರ್ಟ್ಸ್ ಪದ್ಧತಿಯನ್ನು ಜನಪ್ರಿಯಗೊಳಿಸಿ ಆ ಭಯವನ್ನು ಹೆಚ್ಚುಕಡಿಮೆ ಅಳಿಸಿತು. ನಂತರದ ದಶಕದಲ್ಲಿ ‘ಅಪ್ರೆಂಟಿಸ್’ನಂಥ ಟ್ರೈನರ್‌ಗಳೊಳಗೆ ಗೈರೊ ಸೇರಿ, ವಿಮಾನ ಮಿತಿಮೀರಿ ವಾಲದಂತೆ ಕಾಯತೊಡಗಿತು. ಒಳ್ಳೆಯದೇ. ಆದರೆ ಗೈರೊ ಆಫ್ ಮಾಡಿ ಇಳಿಸಲು ಬಾರದವರು ಹಾರಾಟ ಕಲಿತಿದ್ದಾರೆನ್ನಲು ಆಗದು.

ಭಾರತದಲ್ಲಿ ಎನ್‌ಸಿಸಿಯ ವಾಯುದಳ ವಿಭಾಗ ಏರೋಮಾಡೆಲಿಂಗ್ ಅನ್ನು ಕೆಡೆಟ್‌ಗಳ ತರಬೇತಿಯ ಭಾಗವಾಗಿಸಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಅದರ ಅಖಿಲ ಭಾರತ ವಾಯುಸೈನಿಕ ಶಿಬಿರಗಳು ನಡೆದಿವೆ. 2021ರ ಡ್ರೋನ್ ನಿಯಮಗಳು ಕಲಿಕೆ, ಮನರಂಜನೆಗಾಗಿ ಕಣ್ಣಳತೆಯಲ್ಲಿ ಹಾರಿಸುವ, 25 ಕೆ.ಜಿ. ಮೀರದ ಮಾದರಿ ವಿಮಾನಗಳನ್ನು ಪ್ರತ್ಯೇಕವಾಗಿ ಹೆಸರಿಸಿ, ಟೈಪ್ ಸರ್ಟಿಫಿಕೇಟ್‌ನಿಂದ, ಅಂದರೆ ವಿನ್ಯಾಸಕ್ಕೆ ಬೇಕಾದ ಮಾನ್ಯತಾಪತ್ರದಿಂದ, ವಿನಾಯಿತಿ ಕೊಟ್ಟಿವೆ. ಎಲ್ಲಿ ಹಾರಿಸಬಹುದೆಂಬುದನ್ನು ಮಾತ್ರ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ನೋಡಿಯೇ ತೀರಬೇಕು.

ಇಂದು ಮೊದಲ ವಿಮಾನ ಕೊಳ್ಳುವವರಿಗೆ ಯುದ್ಧವಿಮಾನದ ರೂಪದ, ಕೆಳರೆಕ್ಕೆಯ ಮಾದರಿಗಳು ಆಕರ್ಷಕವಾಗಿ ಕಾಣುತ್ತವೆ. ಅವು ವೇಗವಾಗಿ ಹಾರುತ್ತವೆ, ಕೈಬಿಟ್ಟರೆ ನೇರವಾಗುವುದಿಲ್ಲ, ಯೋಚಿಸಲು ಸಮಯ ಕೊಡುವುದಿಲ್ಲ. ಹೊಸಬರಿಗೆ ತಕ್ಕದ್ದು ಸುಮಾರು 1.2ರಿಂದ 1.5 ಮೀಟರ್ ರೆಕ್ಕೆಯಗಲದ, ಮೇಲ್ರೆಕ್ಕೆಯ ಫೋಮ್ ವಿಮಾನ. ತೀರ ಚಿಕ್ಕದನ್ನು ಗಾಳಿ ಎಳೆದಾಡುತ್ತದೆ, ದೂರ ಹೋದರೆ ಅದು ಯಾವ ಕಡೆ ಮುಖ ಮಾಡಿದೆಯೆಂದೂ ಕಾಣುವುದಿಲ್ಲ. ವಿಮಾನ ನಮ್ಮ ಕಡೆಗೆ ಬರುವಾಗ ಎಡ-ಬಲ ಅದಲುಬದಲಾಗುವುದು ಎಲ್ಲರನ್ನೂ ಕಾಡುವ ತೊಡಕು. ಆಗ ಯಾವ ರೆಕ್ಕೆ ಕೆಳಗಿಳಿದಿದೆಯೋ ಆ ಕಡೆಗೇ ಕೋಲು ಸರಿಸಿದರೆ ವಿಮಾನ ನೇರವಾಗುತ್ತದೆ. ಅಂಗಡಿಗೆ ಹೋಗುವ ಮುನ್ನ ಹತ್ತಿರದ ಮೈದಾನದಲ್ಲಿ ಹಾರಿಸುವವರೊಬ್ಬರನ್ನು ಹುಡುಕಿ, ಬಡ್ಡಿ ಬಾಕ್ಸ್ ಆಗಿ ಜೋಡಿಸಲು ಬರುವಂತೆ ಅವರ ಟ್ರಾನ್ಸ್‌ಮಿಟರ್‌ಗೆ ಹೊಂದುವ ರೇಡಿಯೊವನ್ನೇ ಕೊಳ್ಳಿ.