ಕಕ್ಷೆಯಲ್ಲಿ ಒಂದು ತಾಸಿನ ಬೆಲೆ

1973ರ ನವೆಂಬರ್ 16ರಂದು ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ಗೆ ಹೊರಟ ಜೆರಾಲ್ಡ್ ಕಾರ್, ಎಡ್ವರ್ಡ್ ಗಿಬ್ಸನ್, ವಿಲಿಯಂ ಪೋಗ್ ಮೂವರಿಗೂ ಅದು ಮೊದಲ ಬಾಹ್ಯಾಕಾಶ ಯಾನ. ಅವರಿಗಿಂತ ಮುಂಚೆ 59 ದಿನ ಅಲ್ಲಿದ್ದ ತಂಡ, ಕೊಟ್ಟ ಕೆಲಸ ಸಾಲದೆ ಇನ್ನಷ್ಟು ಕೊಡಿ ಎಂದು ಕೇಳಿ ಮಾಡಿತ್ತು. ಹ್ಯೂಸ್ಟನ್ನಿನ ಯೋಜಕರು ಆ ಪಳಗಿದ ಕೈಗಳ ವೇಗವನ್ನೇ ಅಳತೆಗೋಲು ಮಾಡಿಕೊಂಡು ಹೊಸಬರ ದಿನವನ್ನು ತುಂಬಿದರು. ತೂಕವಿಲ್ಲದ ಜಾಗದಲ್ಲಿ ಒಂದು ಸಲಕರಣೆಯನ್ನು ಹುಡುಕಿ ತೆಗೆದು, ಕೆಲಸ ಮುಗಿಸಿ, ತೇಲಿಹೋಗದಂತೆ ಮತ್ತೆ ಕಟ್ಟಿಡಲು ಹಿಡಿಯುವ ಹೊತ್ತಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಟೆಲಿಪ್ರಿಂಟರ್ ಉಗುಳುವ ಕಾಗದದ ಸುರುಳಿಯೇ ದಿನದ ಅಪ್ಪಣೆ. ಒಂದು ಕೆಲಸ ತಡವಾದರೆ ಮುಂದಿನದ್ದಷ್ಟೂ ಒಂದರ ಮೇಲೊಂದು ಬೀಳುತ್ತಿತ್ತು.

ಡಿಸೆಂಬರ್ 30ರಂದು ಕಾರ್ ಭೂನಿಯಂತ್ರಣ ಕೇಂದ್ರದೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡಿದರು. ‘ಬಾಹ್ಯಾಕಾಶದ ಮುಷ್ಕರ’ ಎಂಬ ರೋಚಕ ಕಥೆ ಹುಟ್ಟಿದ್ದು ಇದರ ಸುತ್ತಲೇ. ಗಿಬ್ಸನ್ ಅದನ್ನು ಅಲ್ಲಗಳೆದಿದ್ದರೂ ಕಥೆ ಸಾಯಲೊಲ್ಲದು. ನನಗಂತೂ ಮುಷ್ಕರಕ್ಕಿಂತ ಆಮೇಲೆ ಆದ ಒಪ್ಪಂದವೇ ಹೆಚ್ಚು ಕುತೂಹಲದ್ದು. ಊಟದ ಹೊತ್ತು, ರಾತ್ರಿಯ ಬಿಡುವು ಅವರಿಗೇ ಉಳಿದವು. ಗಡಿಯಾರಕ್ಕೆ ಕಟ್ಟುಬೀಳದ ಚಿಲ್ಲರೆ ಕೆಲಸಗಳು ಬೇರೊಂದು ಪಟ್ಟಿಗೆ ಹೋದವು, ಬಿಡುವಾದಾಗ ಮಾಡಿಕೊಂಡರಾಯಿತು. ತಂಡ 84 ದಿನ ದುಡಿದು ಹಿಂತಿರುಗಿತು. ಈ ‘ಬಿಡಿ ಪಟ್ಟಿ’ ಇಂದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೆ.

ಅತ್ತ ಸೋವಿಯತ್ ಒಕ್ಕೂಟದವರು ಸರಕಿನ ಗಂಟು ಬಿಡಿಸುತ್ತಿದ್ದರು. 1977ರಲ್ಲಿ ಹಾರಿದ ಸಲ್ಯೂತ್-6 ನಿಲ್ದಾಣಕ್ಕೆ ಎರಡು ಬಾಗಿಲು. ಒಂದರಲ್ಲಿ ಯಾನಿಗಳ ಸೊಯುಜ್ ನಿಂತಿದ್ದಾಗಲೇ ಇನ್ನೊಂದಕ್ಕೆ ಸರಕು ನೌಕೆ ಬಂದು ಸೇರಬಹುದಿತ್ತು. 1978ರ ಜನವರಿಯಲ್ಲಿ ಮೊದಲ ಪ್ರೊಗ್ರೆಸ್ ಬಂತು. ಹೊರಡುವಾಗ ಒಯ್ದಷ್ಟೇ ಬುತ್ತಿ ಎಂಬ ಕಟ್ಟು ಅಲ್ಲಿಗೆ ಕಳಚಿತು. ಜೊತೆಗೆ ಯಾವ ಬಾಗಿಲು ಯಾವಾಗ ಖಾಲಿ ಎಂಬ ಹೊಸ ತಲೆನೋವೂ ಶುರುವಾಯಿತು.

2000ದ ನವೆಂಬರ್‌ನಿಂದ ಜನವಸತಿಯಿರುವ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ವೇಳಾಪಟ್ಟಿ ಕಟ್ಟುವುದು ಐದು ಊರುಗಳ ಕೂಡುಕೆಲಸ: ಹ್ಯೂಸ್ಟನ್, ಹಂಟ್ಸ್‌ವಿಲ್, ಮಾಸ್ಕೋ ಪಕ್ಕದ ಕೊರೊಲ್ಯೊವ್, ಜರ್ಮನಿಯ ಓಬರ್‌ಫಾಫೆನ್‌ಹೋಫೆನ್, ಜಪಾನಿನ ತ್ಸುಕುಬಾ. ದಿನಕ್ಕೆ ಹದಿನಾರು ಸೂರ್ಯೋದಯ ಕಾಣುವ ಮನೆಗೆ ಗ್ರೀನ್‌ವಿಚ್ ಸಮಯವೇ ಗತಿ. ತಿಂಗಳುಗಟ್ಟಲೆ ಮೊದಲು ಸ್ಥೂಲ ಯೋಜನೆ, ಆಮೇಲೆ ವಾರದ್ದು, ಕೊನೆಗೆ ದಿನದ್ದು. ಲ್ಯಾಪ್‌ಟಾಪ್ ಪರದೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು, ಸಾಲಿನುದ್ದಕ್ಕೂ ಬಣ್ಣಬಣ್ಣದ ಚೌಕ. ಮೇಲಿಂದ ಕೆಳಕ್ಕೆ ಎಳೆದ ಕೆಂಪು ಗೆರೆಯೊಂದು ಬಲಕ್ಕೆ ಸರಿಯುತ್ತಲೇ ಇರುತ್ತದೆ. ಕೈಯಲ್ಲಿರುವ ಕೆಲಸದ ಚೌಕವನ್ನು ಗೆರೆ ದಾಟಿತೆಂದರೆ ನೀವು ಹಿಂದೆ ಬಿದ್ದಿರಿ. ಎಲುಬು, ಸ್ನಾಯು ಸವೆಯದಂತೆ ದಿನಕ್ಕೆ ಸುಮಾರು ಎರಡು ತಾಸು ವ್ಯಾಯಾಮ; ಅದನ್ನು ಸುಲಭಕ್ಕೆ ಯಾರೂ ಮುಟ್ಟುವಂತಿಲ್ಲ. ನಿದ್ದೆ, ಊಟ, ರಿಪೇರಿ ಕಳೆದು ಮಿಕ್ಕಿದ್ದಕ್ಕೆ ವಿಜ್ಞಾನಿಗಳು ಸರದಿ ನಿಲ್ಲಬೇಕು.

ಇಷ್ಟೆಲ್ಲ ಬಿಗಿಯಾಗಿ ಹೆಣೆದದ್ದನ್ನು ಒಂದು ರಾಕೆಟ್ ಕೆಡಿಸಬಲ್ಲದು. 2014ರ ಅಕ್ಟೋಬರ್‌ನಲ್ಲಿ ಸಿಗ್ನಸ್, 2015ರ ಏಪ್ರಿಲ್‌ನಲ್ಲಿ ಪ್ರೊಗ್ರೆಸ್, ಜೂನ್‌ನಲ್ಲಿ ಡ್ರ್ಯಾಗನ್ — ಎಂಟು ತಿಂಗಳಲ್ಲಿ ಮೂರು ಸರಕು ನೌಕೆಗಳು ನಷ್ಟವಾದವು. ಆದರೂ ಯಾರೂ ಉಪವಾಸ ಬೀಳಲಿಲ್ಲ. ಬೇರೆಬೇರೆ ದೇಶದ ಬೇರೆಬೇರೆ ನೌಕೆಗಳು, ಮೇಲೆ ಕೂಡಿಟ್ಟ ದಾಸ್ತಾನು ಕಾಪಾಡಿದವು. 2024ರ ಮೇ ಕೊನೆಯಲ್ಲಿ ನಿಲ್ದಾಣದಲ್ಲಿ ಮೂತ್ರವನ್ನು ಶುದ್ಧೀಕರಿಸುವ ಯಂತ್ರದ ಪಂಪ್ ಕೆಟ್ಟಿತು. ಹೊಸ ಪಂಪಿಗೆ ಜಾಗ ಮಾಡಲು, ಹೊರಡಲಿದ್ದ ನೌಕೆ ಸ್ಟಾರ್‌ಲೈನರ್‌ನಿಂದ ಯಾನಿಗಳಾದ ಸುನೀತಾ ವಿಲಿಯಮ್ಸ್, ಬುಚ್ ವಿಲ್ಮೋರ್ ಅವರ ಬಟ್ಟೆಯ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಆ ನೌಕೆ ಕೈಕೊಟ್ಟದ್ದರಿಂದ, ವಾರದ ಮಟ್ಟಿಗೆಂದು ಹೋದವರು 286 ದಿನ ಇರಬೇಕಾಯಿತು. ಅವರ ವಾಪಸಾತಿಗಾಗಿ ಮುಂದಿನ ಡ್ರ್ಯಾಗನ್ ಎರಡು ಆಸನ ಖಾಲಿ ಬಿಟ್ಟುಕೊಂಡು ಹಾರಿತು. ನಾಲ್ವರ ಬದಲು ಇಬ್ಬರು ಬಂದಾಗ ತಿಂಗಳುಗಳ ಪಟ್ಟಿಯನ್ನೇ ಹೊಸದಾಗಿ ಹಂಚಬೇಕಲ್ಲ!

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಕೂಡ ಈ ಸರದಿಯಲ್ಲಿ ನಿಂತವು. ಅವನ್ನು ಒಯ್ಯಬೇಕಿದ್ದ ಆಕ್ಸಿಯಂ-4 ಯಾನ 2025ರ ಮೇ 29ಕ್ಕೆಂದು ನಿಗದಿಯಾಗಿತ್ತು. ರಾಕೆಟ್‌ನಲ್ಲಿ ದ್ರವ ಆಮ್ಲಜನಕದ ಸೋರಿಕೆ, ನಿಲ್ದಾಣದ ರಷ್ಯನ್ ಭಾಗದಲ್ಲಿ ಗಾಳಿಯ ಸೋರಿಕೆಯ ಚಿಂತೆ ಸೇರಿ ಹೊರಟದ್ದು ಜೂನ್ 25ಕ್ಕೆ. ಕಾಳಿಗೆ ಒಮ್ಮೆ ನೀರು ತಾಗಿತೆಂದರೆ ಅದು ಯಾರ ವೇಳಾಪಟ್ಟಿಯನ್ನೂ ಕಾಯುವುದಿಲ್ಲ. ಆದ್ದರಿಂದ ನೀರು ಹಾಕುವ ದಿನ, ಫ್ರೀಜರ್‌ನಲ್ಲಿ ಜಾಗ, ವಾಪಸಾತಿಯ ದಿನ ಮೂರೂ ಹೊಂದಬೇಕು. ಆಕ್ಸಿಯಂ-4ರ ಭಾರತೀಯ ಯಾನಿ ಶುಭಾಂಶು ಶುಕ್ಲಾ ಪೆಟ್ರಿ ತಟ್ಟೆಯಲ್ಲಿ ಮೊಳಕೆ ಬರಿಸಿ, ಫೋಟೊ ತೆಗೆದು, ಫ್ರೀಜರ್‌ಗೆ ಸೇರಿಸಿದರು. ಜುಲೈ 15ಕ್ಕೆ ಭೂಮಿಗೆ ಬಂದಿಳಿದರು.

ಈಗಿನ ಪ್ರಶ್ನೆ, ಪಟ್ಟಿ ಬರೆಯುವವರು ಯಾರು ಎಂಬುದು. ಮಂಗಳಕ್ಕೆ ಹೋದವರ ಮಾತು ಭೂಮಿ ಮುಟ್ಟಲು ಇಪ್ಪತ್ತು ನಿಮಿಷ ದಾಟಬಹುದು. ಕೆಳಗಿನವರನ್ನು ಕೇಳಿ ಚೌಕ ಸರಿಸುತ್ತ ಕೂರಲಾಗದು. ಅದಕ್ಕೇ ನಾಸಾದ ಏಮ್ಸ್ ಕೇಂದ್ರ ‘ಪ್ಲೇಬುಕ್’ ತಂತ್ರಾಂಶವನ್ನು ರೂಪಿಸಿದೆ. ಯಾನಿಯೇ ತನ್ನ ಕೆಲಸಗಳನ್ನು ಹಿಂದೆಮುಂದೆ ಮಾಡಿಕೊಳ್ಳಬಹುದು; ನಿಯಮ ಮೀರಿದರೆ ಪರದೆಯೇ ಎಚ್ಚರಿಸುತ್ತದೆ. 2035ರ ಹೊತ್ತಿಗೆ ಪೂರ್ಣಗೊಳ್ಳಬೇಕೆಂದಿರುವ ಭಾರತೀಯ ಅಂತರಿಕ್ಷ ನಿಲ್ದಾಣಕ್ಕೆ ಮಾತಿನ ಆ ವಿಳಂಬವಿಲ್ಲ. ಆದರೂ ಯಾನಿಗೆ ಎಷ್ಟು ಚೌಕಗಳನ್ನು ಖಾಲಿ ಬಿಡಬೇಕೆಂಬುದನ್ನು ನಮ್ಮ ಯೋಜಕರು ಪಟ್ಟಿ ತುಂಬುವ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.